ಅಂಗಳದ ಸಂಗೀತಕ್ಕೆ ಸಣ್ಣ ಆಂಪ್ಲಿಫೈಯರ್: ಸ್ಪೀಕರ್ ಓಮ್‌ಗಳ ಲೆಕ್ಕ ನಾನು ಹಾಕಿದ ಬಗೆ

ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ಮನೆಯಂಗಳಗಳಲ್ಲಿ ಸಣ್ಣ ಸಂಗೀತ ಬೈಠಕ್‌ಗಳು ನಡೆಯುತ್ತವೆ. ಒಬ್ಬ ಗಾಯಕರು, ಹಾರ್ಮೋನಿಯಂ, ತಬಲಾ, ಹಿಂದೆ ತಂಬೂರಿಯ ಶ್ರುತಿ. ಕೇಳಲು ಬರುವವರು ಐವತ್ತು ಅರುವತ್ತು ಮಂದಿ. ಇಷ್ಟಕ್ಕೆ ಬಾಡಿಗೆಯ ಮೈಕ್ ಸೆಟ್ ತಂದರೆ ಹಾರ್ನುಗಳ ಗದ್ದಲದಲ್ಲಿ ಆಲಾಪದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ಗಳೆಲ್ಲ ಮುಚ್ಚಿಹೋಗುತ್ತವೆ, ಕರೆಂಟನ್ನು ನೆಚ್ಚುವಂತೆಯೂ ಇಲ್ಲ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ವ್ಯವಸ್ಥೆಯೊಂದನ್ನು ನಾನೇ ಜೋಡಿಸಿಕೊಂಡೆ. ಆಂಪ್ಲಿಫೈಯರ್ ಆಗಿ ಆರಿಸಿದ್ದು ಟಿಪಿಎ 3116 ಚಿಪ್ ಇರುವ ಅಂಗೈಯಗಲದ ಕ್ಲಾಸ್ ಡಿ (ಒಳಗೆ ಸ್ವಿಚ್ಚಿನಂತೆ ವೇಗವಾಗಿ ಆನ್ ಆಫ್ ಆಗುತ್ತ, ಕಡಿಮೆ ಶಕ್ತಿ ಪೋಲು ಮಾಡುವ ಬಗೆಯ) ಬೋರ್ಡ್. ಸ್ಪೀಕರುಗಳು 10 ಇಂಚಿನವು, ತಲಾ 8 ಓಮ್, ಒಟ್ಟು ನಾಲ್ಕು ಪೆಟ್ಟಿಗೆಗಳು. ಇವನ್ನು ಹೇಗೆ ಜೋಡಿಸಿದರೆ ಆ ಪುಟ್ಟ ಬೋರ್ಡಿನಿಂದ ಅಂಗಳಕ್ಕೆ ಸಾಕಾಗುವಷ್ಟು ಶುದ್ಧವಾದ ಧ್ವನಿ ಬರುತ್ತದೆ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದ್ದ ಹಳೆಯ ವಾಲ್ವ್ ಆಂಪ್ಲಿಫೈಯರುಗಳಿಗೆ ನಿಗದಿತ ಓಮ್‌ನ ಸ್ಪೀಕರನ್ನೇ ಜೋಡಿಸಬೇಕಾಗಿತ್ತು. ಇಂದಿನ ಬೋರ್ಡುಗಳ ಸಂಗತಿ ಬೇರೆ. ಇವುಗಳ ಒಳಗಿನ ರೋಧ ಒಂದು ಓಮ್‌ನ ಸಣ್ಣ ಭಾಗದಷ್ಟು ಮಾತ್ರವಿರುವುದರಿಂದ, ವಾಲ್ಯೂಮ್ ಎಷ್ಟಕ್ಕೆ ಇಟ್ಟಿದ್ದೇವೆಯೋ ಅಷ್ಟು ವೋಲ್ಟನ್ನು ಅವು ಸ್ಪೀಕರಿನ ಎರಡು ತುದಿಗಳ ನಡುವೆ ಒದಗಿಸುತ್ತವೆ. ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ಸ್ಪೀಕರಿನ ಇಂಪೀಡೆನ್ಸ್, ಅಂದರೆ ಏರಿಳಿಯುವ ಸಿಗ್ನಲ್ಲಿಗೆ ಅದು ಒಡ್ಡುವ ಓಮ್‌ಗಳ ತಡೆ, ತೀರ್ಮಾನಿಸುತ್ತದೆ. ಹಾಗಾಗಿ ಹೆಚ್ಚು ಓಮ್‌ನ ಸ್ಪೀಕರ್ ಹಾಕಿದರೆ ಬೋರ್ಡಿಗೆ ಯಾವ ಕೇಡೂ ಇಲ್ಲ, ವ್ಯಾಟ್ ಕಡಿಮೆಯಾಗುತ್ತದೆ ಅಷ್ಟೆ. ಎಚ್ಚರ ಬೇಕಾದದ್ದು ಓಮ್ ಕಡಿಮೆಯಾದಾಗ. ಈ ಚಿಪ್ಪಿನ ಪ್ರತಿ ಚಾನೆಲ್ಲಿಗೆ ತಯಾರಕರು ಹೇಳಿರುವ ಕನಿಷ್ಠ ಮಿತಿ 3.2 ಓಮ್.

ಲೆಕ್ಕವನ್ನು ಪೂರೈಕೆಯ ವೋಲ್ಟಿನಿಂದ ಆರಂಭಿಸಿದೆ. ಬ್ಯಾಟರಿ 12 ವೋಲ್ಟಿನದಾದರೆ ಸ್ಪೀಕರಿಗೆ ಸಿಗುವ ಅಲೆಯ ಶಿಖರ 12 ವೋಲ್ಟನ್ನು ದಾಟಲಾರದು. ಅದರ ಆರ್‌ಎಂಎಸ್ ಬೆಲೆ, ಅಂದರೆ ವ್ಯಾಟ್ ಲೆಕ್ಕಕ್ಕೆ ಹಿಡಿಯುವ ಪರಿಣಾಮಕಾರಿ ವೋಲ್ಟ್, ಸುಮಾರು 8.5. ಅದನ್ನು ವರ್ಗ ಮಾಡಿ ಓಮ್‌ನಿಂದ ಭಾಗಿಸಿದರೆ 8 ಓಮ್‌ಗೆ 9 ವ್ಯಾಟ್, 4 ಓಮ್‌ಗೆ 18 ವ್ಯಾಟ್ ಬರುತ್ತದೆ, ಚಿಪ್ಪಿನೊಳಗಿನ ನಷ್ಟ ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಬೋರ್ಡು ಮಾರುವವರು ಹೇಳುವ 50 ವ್ಯಾಟ್ ಎಂಬುದು 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಹಾಕಿ, ಶೇ. 10ರಷ್ಟು ವಿಕೃತಿಯನ್ನು ಒಪ್ಪಿಕೊಂಡಾಗಿನ ಸಂಖ್ಯೆ. ಅಷ್ಟು ವಿಕೃತಿಯಿರುವ ಹಾಡನ್ನು ನಾನಂತೂ ಯಾರಿಗೂ ಕೇಳಿಸಲಾರೆ.

ನಾಲ್ಕು ಪೆಟ್ಟಿಗೆಗಳನ್ನೂ ಬಳಸಿ, ಒಂದೊಂದು ಚಾನೆಲ್ಲಿಗೆ ಎರಡೆರಡನ್ನು ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್ ಆಗುತ್ತದೆ, 12 ವೋಲ್ಟಿನಲ್ಲೇ ಒಟ್ಟು ವ್ಯಾಟ್ ಇಮ್ಮಡಿಯಾಗುತ್ತದೆ. ಆದರೆ ಇಮ್ಮಡಿ ವ್ಯಾಟ್ ಎಂದರೆ ಕೇವಲ 3 ಡೆಸಿಬೆಲ್ ಏರಿಕೆ, ಕಿವಿಗೆ ಅದು ಸ್ವಲ್ಪವೇ ಹೆಚ್ಚೆನಿಸುತ್ತದೆ. ಅದರ ಬದಲು ಎರಡು ಬ್ಯಾಟರಿಗಳನ್ನು ಸೀರೀಸ್ ಮಾಡಿ 24 ವೋಲ್ಟ್ ಕೊಟ್ಟರೆ, ಒಂದೇ 8 ಓಮ್ ಪೆಟ್ಟಿಗೆಗೆ ನಾಲ್ಕು ಪಟ್ಟು ವ್ಯಾಟ್ ಸಿಗುತ್ತದೆ. ಲೆಕ್ಕದಲ್ಲಿ 36, ನಡೆಯಲ್ಲಿ 30ರ ಆಸುಪಾಸು. ಏರಿಕೆ 6 ಡೆಸಿಬೆಲ್. ಇದೇ 24 ವೋಲ್ಟಿಗೆ 4 ಓಮ್ ಹಾಕಿದರೆ ಶಿಖರದಲ್ಲಿ 6 ಆಂಪಿಯರ್ ಹರಿಯುತ್ತದೆ. ಸ್ಪೀಕರಿನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ, ಕೆಲವು ಆವರ್ತನಗಳಲ್ಲಿ ಬರೆದ ಸಂಖ್ಯೆಗಿಂತ ಕೆಳಗಿಳಿಯುತ್ತದೆ. ಆಗ ತಬಲಾದ ಒಂದು ಗಟ್ಟಿ ಪೆಟ್ಟಿಗೆ ಚಿಪ್ಪಿನ ರಕ್ಷಣಾ ವ್ಯವಸ್ಥೆ ಧ್ವನಿಯನ್ನೇ ಕಡಿದುಹಾಕುವ ಸಂಭವವಿದೆ. ಹಾಗಾಗಿ ನನ್ನ ತೀರ್ಮಾನ 24 ವೋಲ್ಟ್, ಚಾನೆಲ್ಲಿಗೆ ಒಂದೇ 8 ಓಮ್ ಪೆಟ್ಟಿಗೆ ಎಂಬುದಾಯಿತು, ಉಳಿದೆರಡು ಪೆಟ್ಟಿಗೆಗಳು ಅಟ್ಟ ಸೇರಿದವು. ಎರಡು ಪೆಟ್ಟಿಗೆಗಳನ್ನು ಸೀರೀಸ್ ಮಾಡಿ 16 ಓಮ್ ಮಾಡುವ ಯೋಚನೆಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಇದ್ದ ವ್ಯಾಟೂ ಅರ್ಧವಾಗುತ್ತದೆ.

24 ವೋಲ್ಟ್ ಎಂದಾಗ ಒಂದು ಎಚ್ಚರವಿದೆ. ಪೂರ್ತಿ ಚಾರ್ಜ್ ಆದ ಎರಡು ಲೆಡ್ ಆಸಿಡ್ ಬ್ಯಾಟರಿಗಳು ಸುಮ್ಮನಿದ್ದಾಗಲೇ 25.5 ವೋಲ್ಟಿನಷ್ಟು ತೋರಿಸುತ್ತವೆ, ಚಿಪ್ಪಿನ ಕಾರ್ಯಮಿತಿ 26. ಚಾರ್ಜರ್ ಹಾಕಿಯೇ ಬಿಟ್ಟರೆ ವೋಲ್ಟ್ 27 ದಾಟುತ್ತದೆ. ಆದ್ದರಿಂದ ಚಾರ್ಜರನ್ನು ತೆಗೆದ ಮೇಲೆಯೇ ಬೋರ್ಡಿಗೆ ಸಂಪರ್ಕ ಕೊಡುತ್ತೇನೆ. ಬೋರ್ಡಿನ ಮೇಲಿನ ದೊಡ್ಡ ಕೆಪ್ಯಾಸಿಟರುಗಳ ಮೇಲೆ 35 ವೋಲ್ಟ್ ಎಂದು ಬರೆದಿದೆಯೇ ಎಂಬುದನ್ನು ಕೊಳ್ಳುವಾಗಲೇ ನೋಡಿಕೊಂಡಿದ್ದೆ. 25 ವೋಲ್ಟಿನವು ಇಲ್ಲಿಗೆ ಸಲ್ಲವು.

ಬಯಲಿನಲ್ಲಿ ಓಮ್‌ನಷ್ಟೇ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚಾಗಿ, ನೋಡಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು. ಗೋಡೆಗಳಿಲ್ಲದ ಕಡೆ ದೂರ ಇಮ್ಮಡಿಯಾದಂತೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ನನ್ನ ಸ್ಪೀಕರುಗಳು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೊಡುತ್ತವೆ. 30 ವ್ಯಾಟಿಗೆ 110 ಆಗುತ್ತದೆ, 16 ಮೀಟರ್ ಆಚೆಯ ಕೊನೆಯ ಚಾಪೆಯ ಬಳಿ 86 ಉಳಿಯುತ್ತದೆ. ಇದು ಶಿಖರದ ಮಟ್ಟ. ಹಾಡಿನ ಸರಾಸರಿ ಅದಕ್ಕಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗಿರುತ್ತದೆ, ಖಯಾಲ್ ಕೇಳಲು ಅಷ್ಟು ಹಿತವಾಗಿದೆ. ಇದೇ ಜಾಗದಲ್ಲಿ 86 ಡೆಸಿಬೆಲ್‌ನ ಮನೆಬಳಕೆಯ ಸ್ಪೀಕರ್ ಇಟ್ಟರೆ, ಅಷ್ಟೇ ಧ್ವನಿಗೆ ಎಂಟು ಪಟ್ಟು, ಅಂದರೆ 240 ವ್ಯಾಟ್ ಬೇಕು. ಕೊಳ್ಳುವಾಗ ಆ ಸಂಖ್ಯೆಯನ್ನು 1 ವ್ಯಾಟಿಗೆ ಹೇಳಿದ್ದಾರೆಯೋ 2.83 ವೋಲ್ಟಿಗೆ ಹೇಳಿದ್ದಾರೆಯೋ ಎಂದು ನೋಡಬೇಕು. 8 ಓಮ್‌ಗೆ ಎರಡೂ ಒಂದೇ, 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್, ಹಾಗಾಗಿ ಅದು 3 ಡೆಸಿಬೆಲ್ ಹೆಚ್ಚಾಗಿ ಕಾಣಿಸುತ್ತದೆ.

ವೈರಿನ ರೋಧವೂ ಸ್ಪೀಕರಿನ ಓಮ್‌ಗೆ ಸೇರಿಕೊಳ್ಳುತ್ತದೆ. 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ವೈರನ್ನು 20 ಮೀಟರ್ ಎಳೆದರೆ, ಹೋಗಿಬರುವ 40 ಮೀಟರಿಗೆ ಸುಮಾರು ಅರ್ಧ ಓಮ್ ಆಗುತ್ತದೆ. 4 ಓಮ್ ಸ್ಪೀಕರಾದರೆ ಕೊಟ್ಟ ಶಕ್ತಿಯ ಒಂಬತ್ತರಲ್ಲೊಂದು ಭಾಗ ವೈರನ್ನು ಕಾಯಿಸಲು ಹೋಗುತ್ತದೆ, 8 ಓಮ್ ಆದರೆ ಹದಿನೇಳರಲ್ಲೊಂದು. 8 ಓಮ್ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಮೇಲಾಗಿ ಆಂಪ್ಲಿಫೈಯರನ್ನು ಸ್ಪೀಕರುಗಳ ಹತ್ತಿರವೇ ಇಟ್ಟು, ಮಿಕ್ಸರಿನಿಂದ ಅಲ್ಲಿಗೆ ಬರುವ ಸಿಗ್ನಲ್ ಕೇಬಲ್ಲನ್ನು ಉದ್ದ ಮಾಡಿದ್ದೇನೆ.

ಜೋಡಣೆ ಮುಗಿದ ಮೇಲೆ, ಸ್ವಿಚ್ ಹಾಕುವ ಮೊದಲು, ವೈರಿನ ಆಂಪ್ಲಿಫೈಯರ್ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯುವುದನ್ನು ಎಂದೂ ಬಿಡುವುದಿಲ್ಲ. ಮಲ್ಟಿಮೀಟರ್ ಅಳೆಯುವುದು ಡಿಸಿ ರೋಧವನ್ನಾದ್ದರಿಂದ 8 ಓಮ್ ಸ್ಪೀಕರಿಗೆ 6ರಿಂದ 7ರ ನಡುವೆ ತೋರಿಸಿದರೆ ಸರಿ. ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಎಳೆಗಳು ತಾಗಿವೆ, ಏನೂ ತೋರಿಸದಿದ್ದರೆ ವೈರು ಕಡಿದಿದೆ. ಈ ಬೋರ್ಡಿನ ಔಟ್‌ಪುಟ್ ಬ್ರಿಡ್ಜ್ ಮಾದರಿಯದು, ಅಂದರೆ ಸ್ಪೀಕರಿನ ಎರಡೂ ತುದಿಗಳನ್ನು ಆಂಪ್ಲಿಫೈಯರೇ ನಡೆಸುತ್ತದೆ, ಆದ್ದರಿಂದ ಎರಡು ಚಾನೆಲ್ಲುಗಳ ಮೈನಸ್ ತುದಿಗಳನ್ನು ಒಂದಕ್ಕೊಂದು ಸೇರಿಸಬಾರದು, ಬ್ಯಾಟರಿಯ ಮೈನಸ್‌ಗೂ ಮುಟ್ಟಿಸಬಾರದು. ಮೈನಸ್ ಎಳೆಯೊಂದನ್ನೇ ಹಂಚಿಕೊಂಡು ಮೂರೆಳೆಯ ವೈರಿನಲ್ಲಿ ಎರಡು ಸ್ಪೀಕರ್ ನಡೆಸುವ ಹಳೆಯ ಅಭ್ಯಾಸ ಇಲ್ಲಿ ಚಿಪ್ಪನ್ನೇ ಸುಟ್ಟೀತು.

ಶಿಖರದಲ್ಲಿ 30 ವ್ಯಾಟ್ ಬಂದರೂ ಹಾಡಿನ ಸರಾಸರಿ ಅದರ ಎಂಟರಲ್ಲೊಂದು ಭಾಗವನ್ನು ಮೀರುವುದು ಅಪರೂಪ. ಎರಡೂ ಚಾನೆಲ್ ಸೇರಿ, ಬೋರ್ಡಿನ ಸ್ವಂತ ಖರ್ಚನ್ನೂ ಕೂಡಿಸಿದರೆ 24 ವೋಲ್ಟಿನಲ್ಲಿ ಅರ್ಧ ಆಂಪಿಯರ್‌ನ ಸುತ್ತಮುತ್ತ ಆಗುತ್ತದೆ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕಲು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಅವಕಾಶವಿಲ್ಲವಾದ್ದರಿಂದ ನಮ್ಮ ಬೈಠಕ್ ಸಂಜೆ ಆರೂವರೆಗೆ ತೊಡಗಿ ಹತ್ತರೊಳಗೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು ಸಾಕು.