ಕಾರಿನ ಬಾಗಿಲ ಅಡಿಯ ತೂತುಗಳನ್ನೂ ಬಿಡಿಸಿ

ಕಾರು ತೊಳೆದ ಮೇಲೆ ನಾಲ್ಕೂ ಬಾಗಿಲು ತೆಗೆದು ಕೆಳ ಅಂಚನ್ನು ಬಗ್ಗಿ ನೋಡಿ, ಸೀಳಿನ ಥರ ಸಣ್ಣ ತೂತುಗಳಿರುತ್ತವೆ. ಕೇಬಲ್ ಟೈನ (ವೈರು ಕಟ್ಟೋ ಪ್ಲಾಸ್ಟಿಕ್ ಪಟ್ಟಿ) ಚೂಪು ತುದಿಯನ್ನು ಒಂದಿಂಚು ತೂರಿಸಿ ಆಚೀಚೆ ಆಡಿಸಿದರೆ ಕಟ್ಟಿಕೊಂಡ ಮಣ್ಣು ಉದುರುತ್ತೆ. ಆಮೇಲೆ ಗಾಜಿನ ಹೊರಗಡೆ ರಬ್ಬರ್ ಪಟ್ಟಿ ಮೇಲೆ ಅರ್ಧ ಲೀಟರ್ ನೀರು ನಿಧಾನವಾಗಿ ಬಿಡಿ. ಕೆಳಗೆ ತೊಟ್ಟಿಕ್ಕಿದರೆ ದಾರಿ ಬಿಟ್ಟಿದೆ ಅಂತ. ಆ ರಬ್ಬರ್ ನೀರನ್ನು ಪೂರ್ತಿ ತಡೆಯಲ್ಲ, ಸ್ವಲ್ಪ ಬಾಗಿಲೊಳಗೆ ಇಳಿದೇ ಇಳಿಯುತ್ತೆ, ಹೊರಗೆ ಹೋಗೋಕೆ ಇರೋದು ಈ ತೂತುಗಳೇ. ಮುಚ್ಚಿಕೊಂಡರೆ ನೀರು ನಿಂತು ತಗಡು ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಬಣ್ಣ ಉಬ್ಬೋ ಹೊತ್ತಿಗೆ ಟಿಂಕರಿಂಗ್ ಕೆಲಸ ಗ್ಯಾರಂಟಿ. ಮಂಡ್ಯ ಕಡೆ ನಾಲೆ ಏರಿ, ಗದ್ದೆ ದಾರಿಯಲ್ಲಿ ಓಡಾಡೋ ಗಾಡಿಗೆ ಜೇಡಿಮಣ್ಣಿನ ಜೊತೆ ಕಬ್ಬಿನ ತರಗೂ ಸೇರಿ ಗಾರೆ ಥರ ಗಟ್ಟಿಯಾಗಿರುತ್ತೆ. ಮೊದಲು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ. ತಂತಿ, ಸ್ಕ್ರೂಡ್ರೈವರ್ ಮಾತ್ರ ಹಾಕಬೇಡಿ, ಬಣ್ಣ ಕೆರೆದ ಜಾಗದಲ್ಲೇ ತುಕ್ಕು ಶುರು. ತೂತಿಗೆ ರಬ್ಬರ್ ಮುಚ್ಚಳ ಇದ್ದರೆ ಕೀಳದೆ ಅಂಚು ಎತ್ತಿ ಒರೆಸಿ. ತೂತು ಬಿಡಿಸಿದ ಮೇಲೂ ಕಾಲಡಿ ಮ್ಯಾಟ್ ಒದ್ದೆಯಾಗ್ತಿದ್ದರೆ ಇದರಿಂದ ಪ್ರಯೋಜನವಿಲ್ಲ: ಬಾಗಿಲ ಪ್ಯಾನಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಟ್ಟಿರಬಹುದು, ಇಲ್ಲವೇ ಎಸಿ ನೀರು ಹೊರಗೆ ಹೋಗೋ ಪೈಪು ಕಟ್ಟಿಕೊಂಡಿರಬಹುದು. ಮೈಸೂರಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸೋರು ವೈಪರ್ ಬುಡದ ಜಾಲರಿಯಲ್ಲಿ ಸೇರೋ ಹೂವನ್ನೂ ಕೈಯಲ್ಲೇ ಎತ್ತಿ ಹಾಕಿ. ಪೈಪಲ್ಲಿ ನೀರು ಹಿಡಿದರೆ ಅಷ್ಟೂ ಒಳಕ್ಕೇ ಹೋಗುತ್ತೆ.