ಜಿಎ4ನಿಂದ ಲುಕರ್ ಸ್ಟುಡಿಯೋಗೆ: ನೇರ ಕನೆಕ್ಟರ್ ಬಿಟ್ಟು ಬಿಗ್‌ಕ್ವೆರಿ ಹಾದಿ ಹಿಡಿದದ್ದು

ಕನ್ನಡ ಸುದ್ದಿತಾಣವೊಂದರ ಓದುಗರ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ಇದು. ಲೆಕ್ಕ ಹಿಡಿಯುವುದು ಜಿಎ4 (ಗೂಗಲ್ ಅನಲಿಟಿಕ್ಸ್ 4), ಚಾರ್ಟಾಗಿ ತೋರಿಸುವುದು ಗೂಗಲ್‌ನದೇ ಲುಕರ್ ಸ್ಟುಡಿಯೋ, ನಡುವೆ ಡೇಟಾ ಇಟ್ಟು ಕ್ವೆರಿ ಓಡಿಸುವ ಗೂಗಲ್ ಡೇಟಾಬೇಸ್ ಬಿಗ್‌ಕ್ವೆರಿ. ದಿನಕ್ಕೆ ಹೆಚ್ಚೂಕಡಿಮೆ 40 ಸಾವಿರ ಇವೆಂಟ್ (ಪುಟ ತೆರೆಯುವಂಥ ಒಂದೊಂದು ಚಟುವಟಿಕೆ), ಒಂದು ಪುಟದಲ್ಲಿ 14 ಚಾರ್ಟ್, ನೋಡುವವರು ನಾಲ್ಕೈದು ಮಂದಿ. ಇಷ್ಟಕ್ಕೆಲ್ಲ ಬಿಗ್‌ಕ್ವೆರಿ ಬೇಕಾ, ಬಿಲ್ಲು ಕೈ ಸುಡುತ್ತೆ ಅಂತ ಹೇಳದವರಿಲ್ಲ. ಈಗ ತಿಂಗಳಿಗೆ ಬರುವ ಬಿಲ್ಲು ಹತ್ತಿಪ್ಪತ್ತು ರೂಪಾಯಿ, ಅದೂ ಸ್ಟೋರೇಜ್‌ಗೆ. ಹೇಗಾಯ್ತು ಅಂತ ಕೇಳಿದವರಿಗೆ ಈ ಬರಹ.

ಮೊದಲು ಎಲ್ಲರಂತೆ ಲುಕರ್ ಸ್ಟುಡಿಯೋವನ್ನು ಜಿಎ4ಗೆ ಜೋಡಿಸುವ ಕನೆಕ್ಟರನ್ನೇ ನೇರವಾಗಿ ಹಾಕಿದ್ದೆ. 2022ರ ನವೆಂಬರ್‌ನಿಂದ ಆ ಕನೆಕ್ಟರ್ ಡೇಟಾ ಎಪಿಐ (ಜಿಎ4ನಿಂದ ಡೇಟಾ ಕೇಳುವ ದಾರಿ) ಕೋಟಾಕ್ಕೆ, ಅಂದರೆ ಬಳಕೆಯ ಮಿತಿಗೆ, ಒಳಪಟ್ಟಿದೆ. ಸಾಮಾನ್ಯ ಪ್ರಾಪರ್ಟಿಗೆ (ಜಿಎ4ನಲ್ಲಿ ಒಂದು ಸೈಟಿನ ಲೆಕ್ಕದ ಘಟಕ) ಏಕಕಾಲಕ್ಕೆ 10 ರಿಕ್ವೆಸ್ಟ್ ಮಾತ್ರ. 14 ಚಾರ್ಟಿನ ಪುಟವನ್ನು ಇಬ್ಬರು ಒಟ್ಟಿಗೆ ತೆರೆದರೆ ಮುಗೀತು, ಅರ್ಧ ಚಾರ್ಟುಗಳ ಜಾಗದಲ್ಲಿ ಬೂದು ಪೆಟ್ಟಿಗೆ. ಅದರ ಮೇಲೆ ಪುಟಗಳ ಪಟ್ಟಿಯಲ್ಲಿ ‘ಅದರ್’ (ಬಿಡಿಯಾಗಿ ತೋರಿಸದ ಪುಟಗಳ ಒಟ್ಟು) ಅನ್ನೋ ಸಾಲು ದಿನದಿನಕ್ಕೆ ಊದಿಕೊಳ್ಳುತ್ತಿತ್ತು. ಎಕ್ಸ್‌ಟ್ರ್ಯಾಕ್ಟ್ ಡೇಟಾ (ಡೇಟಾದ ಪ್ರತಿ ತೆಗೆದಿಟ್ಟು ತೋರಿಸುವ ಸೌಲಭ್ಯ) ಹಾಕಿ ನೋಡಿದೆ. ವೇಗ ಬಂತು, ಆದರೆ 100 ಎಂಬಿ ಮಿತಿ. ಜೊತೆಗೆ ದಿನದಿನದ ಬಳಕೆದಾರರನ್ನು ಅದು ಸುಮ್ಮನೆ ಕೂಡಿಬಿಡುತ್ತೆ. ತಿಂಗಳಿಡೀ ಬರುವ ಒಬ್ಬ ಓದುಗ ಮೂವತ್ತು ಜನ ಆಗಿಬಿಡುತ್ತಾನೆ. ತಿಂಗಳಿಗೆ ಎರಡೂವರೆ ಸಾವಿರ ಚಿಲ್ಲರೆ ಕೇಳುವ ಹೊರಗಿನ ಕನೆಕ್ಟರ್ ಒಂದನ್ನೂ ಟ್ರಯಲ್‌ನಲ್ಲಿ ಓಡಿಸಿದೆ. ಅದೂ ಕರೆಯುವುದು ಅದೇ ಎಪಿಐಯನ್ನೇ, ಹಾಗಾಗಿ ಕೋಟಾದ ತಲೆನೋವು ಅಲ್ಲೇ ಉಳಿಯಿತು.

ಹಾಗಾಗಿ ಬಿಗ್‌ಕ್ವೆರಿಗೆ ಹೊರಳಿದೆ. ಜಿಎ4 ಅಡ್ಮಿನ್‌ನಲ್ಲಿ ಬಿಗ್‌ಕ್ವೆರಿ ಲಿಂಕ್ ಹಾಕುವುದು ಐದು ನಿಮಿಷದ ಕೆಲಸ. ದಿನಕ್ಕೆ 10 ಲಕ್ಷ ಇವೆಂಟ್‌ವರೆಗೆ ದೈನಿಕ ಎಕ್ಸ್‌ಪೋರ್ಟ್ ಉಚಿತ. ಲಿಂಕ್ ಹಾಕಿದ ದಿನದಿಂದಷ್ಟೇ ಡೇಟಾ ಬರುತ್ತೆ, ಹಳೆಯದು ಬರಲ್ಲ. ಇವತ್ತು ಬೇಡ ಅನ್ನಿಸಿದರೂ ಲಿಂಕ್ ಮಾತ್ರ ಹಾಕಿಡಿ. ಡೇಟಾ ಇಡುವ ಪ್ರಾಂತ್ಯ (ರೀಜನ್) ಆರಿಸುವಾಗ ಎಚ್ಚರ ಬೇಕು. ನಾನು ಮುಂಬೈ ಆರಿಸಿದೆ. ಆಮೇಲೆ ಸಾರಾಂಶ ಟೇಬಲ್‌ಗೆ (ಅದರ ವಿಷಯ ಮುಂದೆ) ಇನ್ನೊಂದು ಡೇಟಾಸೆಟ್ (ಟೇಬಲ್‌ಗಳ ಗುಂಪು) ಮಾಡುವಾಗ ನೋಡದೆ ಯುಎಸ್ ಅಂತ ಬಿಟ್ಟೆ. ಕ್ವೆರಿ ಓಡಿಸಿದರೆ ‘ಡೇಟಾಸೆಟ್ ಸಿಗಲಿಲ್ಲ’ ಅನ್ನುತ್ತೆ, ಕಣ್ಣೆದುರೇ ಡೇಟಾಸೆಟ್ ಇದ್ದರೂ. ಅರ್ಧ ದಿನ ಪರ್ಮಿಶನ್ ಹುಡುಕಿದೆ. ಎರಡು ಡೇಟಾಸೆಟ್ ಬೇರೆ ಬೇರೆ ಪ್ರಾಂತ್ಯದಲ್ಲಿದ್ದವು, ಅಷ್ಟೆ. ಅಳಿಸಿ ಮತ್ತೆ ಮಾಡುವುದೊಂದೇ ದಾರಿ.

ಬಿಲ್ಲಿಂಗ್ ಇಲ್ಲದ ಉಚಿತ ಬಿಗ್‌ಕ್ವೆರಿಯಾದ ಸ್ಯಾಂಡ್‌ಬಾಕ್ಸ್‌ನಲ್ಲೇ ಕಾಲ ತಳ್ಳೋಣ ಅಂದುಕೊಂಡದ್ದು ದೊಡ್ಡ ತಪ್ಪು. ಅಲ್ಲಿ ಪ್ರತಿ ಟೇಬಲ್‌ನ ಆಯುಸ್ಸು 60 ದಿನ. ಬಿಲ್ಲಿಂಗ್ ಆನ್ ಮಾಡಿದ ಮೇಲೂ ಹಳೆಯ ಟೇಬಲ್‌ಗಳ ಎಕ್ಸ್‌ಪೈರಿ ತಾನಾಗಿ ಹೋಗಲ್ಲ. ಡೇಟಾಸೆಟ್‌ನ ಡೀಫಾಲ್ಟನ್ನೂ ಒಂದೊಂದು ಟೇಬಲ್‌ನ ಎಕ್ಸ್‌ಪೈರಿಯನ್ನೂ ಕೈಯಾರೆ ತೆಗೆಯಬೇಕು. ನಾನು ಡೀಫಾಲ್ಟ್ ಮಾತ್ರ ತೆಗೆದು ನಿಶ್ಚಿಂತೆಯಾಗಿದ್ದೆ, ಸುಮಾರು ಮೂರು ವಾರದ ಡೇಟಾ ಮಣ್ಣುಪಾಲಾಯಿತು. ಅಲ್ಲದೆ ಸ್ಯಾಂಡ್‌ಬಾಕ್ಸ್‌ನಲ್ಲಿ ಸಾಲು ಅಳಿಸುವ ಡಿಲೀಟ್, ಸೇರಿಸುವ ಇನ್ಸರ್ಟ್ ನಡೆಯಲ್ಲ. ಮುಂದೆ ಹೇಳುವ ವಿಧಾನಕ್ಕೆ ಅವೆರಡೂ ಬೇಕೇ ಬೇಕು.

ದುಡ್ಡು ಸೋರಿದ್ದು ಮೊದಲ ಪೂರ್ತಿ ತಿಂಗಳಲ್ಲಿ. ಲುಕರ್ ಸ್ಟುಡಿಯೋವನ್ನು ಕಚ್ಚಾ ಇವೆಂಟ್ ಟೇಬಲ್‌ಗೇ ಕಟ್ಟಿದ್ದೆ. ಒಂದು ದಿನದ ಟೇಬಲ್ 60 ಎಂಬಿ ಆಸುಪಾಸು, ಅದರಲ್ಲಿ ಇವೆಂಟ್ ಪ್ಯಾರಾಮ್ಸ್ (ಪುಟದ ವಿಳಾಸದಂಥ ವಿವರ) ಕಾಲಮ್ ಒಂದೇ 25 ಎಂಬಿ. ಬಿಲ್ಲು ಬೀಳುವುದು ಕ್ವೆರಿ ಓದಿದ ಕಾಲಮ್‌ಗಳ ಗಾತ್ರದ ಮೇಲೆ, ಹಾಗಾಗಿ 90 ದಿನದ ವ್ಯಾಪ್ತಿ ಅಂದರೆ ಚಾರ್ಟಿಗೆ 2 ಜಿಬಿ, ಪುಟ ತೆರೆದರೆ 28 ಜಿಬಿ, ಯಾರಾದರೂ ಫಿಲ್ಟರ್ ಒತ್ತಿದರೆ ಇನ್ನೊಂದು 28. ತಿಂಗಳ ಉಚಿತ 1 ಟಿಬಿ ಒಂದೂವರೆ ವಾರಕ್ಕೆ ಖಾಲಿ. ಆ ತಿಂಗಳು ಓಡಿದ್ದು 3 ಟಿಬಿ, ಜಿಎಸ್‌ಟಿ ಸೇರಿ ಸಾವಿರದ ಮುನ್ನೂರೋ ನಾನೂರೋ ಬಂತು. ‘ಹೇಳಿರಲಿಲ್ವಾ’ ಅಂದವರ ಮಾತಿನಲ್ಲಿ ಆ ಮಟ್ಟಿಗೆ ಸತ್ಯ ಇತ್ತು. ಬಜೆಟ್ ಅಲರ್ಟ್ ಇಟ್ಟಿದ್ದೆ, ಆದರೆ ಅದು ಮೇಲ್ ಕಳಿಸುತ್ತೆ, ಕ್ವೆರಿ ನಿಲ್ಲಿಸಲ್ಲ. ನಿಲ್ಲಿಸುವುದು ಕೋಟಾ ಪುಟದಲ್ಲಿರುವ ದಿನದ ಕ್ವೆರಿ ಬಳಕೆಯ ಮಿತಿ. 30 ಜಿಬಿ ಅಂತ ಹಾಕಿದೆ. 31 ದಿನ ಪೂರ್ತಿ ಬಳಸಿದರೂ 1 ಟಿಬಿ ದಾಟಲ್ಲ.

ಪರಿಹಾರ ಸರಳ: ದಿನಕ್ಕೊಮ್ಮೆ ಕಚ್ಚಾ ಡೇಟಾ ಓದಿ ಒಂದು ಪುಟ್ಟ ಸಾರಾಂಶ ಟೇಬಲ್ ತುಂಬುವುದು. ಕಾಲಮ್‌ಗಳು: ದಿನಾಂಕ, ಪುಟ, ಮೂಲ, ಸಾಧನ, ಊರು, ವೀಕ್ಷಣೆ, ಸೆಷನ್ (ಒಂದು ಭೇಟಿ), ಮತ್ತು ಬಳಕೆದಾರರ ಎಚ್‌ಎಲ್‌ಎಲ್ ಸ್ಕೆಚ್ (ಬೇರೆ ಬೇರೆ ಬಳಕೆದಾರರು ಎಷ್ಟು ಅಂತ ಅಂದಾಜಿಸುವ ಪುಟ್ಟ ಸಂಕ್ಷೇಪ). ದಿನಾಂಕದ ಮೇಲೆ ಪಾರ್ಟಿಶನ್, ಅಂದರೆ ಕೇಳಿದ ದಿನಗಳನ್ನಷ್ಟೇ ಓದುತ್ತೆ. ದಿನಕ್ಕೆ ನಾಲ್ಕು ಸಾವಿರ ಸಾಲು ಇರಬಹುದು. ಈಗ ಒಂದೊಂದು ಚಾರ್ಟೂ ಬಿಗ್‌ಕ್ವೆರಿ ಬಿಲ್ಲಿನ ಕನಿಷ್ಠ ಲೆಕ್ಕವಾದ 10 ಎಂಬಿಯಲ್ಲೇ ಮುಗಿಯುತ್ತೆ. ಪುಟಕ್ಕೆ 140 ಎಂಬಿ. ಉಚಿತ ಪಾಲಿನಲ್ಲಿ ಏಳು ಸಾವಿರ ಸಲ ತೆರೆಯಬಹುದು. ತೆರೆಯುವವರು ಎಲ್ಲಿ ಬರಬೇಕು?

ಎಚ್‌ಎಲ್‌ಎಲ್ ಸ್ಕೆಚ್ ಯಾಕೆ ಅಂದರೆ ಬಳಕೆದಾರರ ಸಂಖ್ಯೆಯನ್ನು ದಿನದಿಂದ ದಿನಕ್ಕೆ ಕೂಡಲಾಗದು, ಸ್ಕೆಚ್‌ಗಳನ್ನಾದರೆ ಬೆರೆಸಬಹುದು. ಲುಕರ್ ಸ್ಟುಡಿಯೋಗೆ ತಾನಾಗಿ ಬೆರೆಸಲು ಬರಲ್ಲ. ಕಸ್ಟಮ್ ಕ್ವೆರಿ ಬರೆದು, ಡೇಟ್ ರೇಂಜ್ ಪ್ಯಾರಾಮೀಟರ್ ಆನ್ ಮಾಡಿ, ಅಲ್ಲೇ ಮರ್ಜ್ ಮಾಡಬೇಕು. ಜಿಎ4 ಪರದೆಯಲ್ಲಿ ಕಾಣುವ ಬಳಕೆದಾರರ ಸಂಖ್ಯೆಯೂ ಅಂದಾಜೇ, ಆದ್ದರಿಂದ ಅದಕ್ಕೂ ಇದಕ್ಕೂ ತುಸು ವ್ಯತ್ಯಾಸ ಇದ್ದೇ ಇರುತ್ತೆ. ಸೆಷನ್ ಎಣಿಸುವಾಗ ಸೆಷನ್ ಐಡಿ ಒಂದನ್ನೇ ನಂಬಬೇಡಿ. ಅದು ಸೆಷನ್ ಶುರುವಾದ ಸೆಕೆಂಡು, ಅಷ್ಟೆ. ಒಂದೇ ಸೆಕೆಂಡಿಗೆ ಬಂದ ಇಬ್ಬರು ಒಂದಾಗಿಬಿಡುತ್ತಾರೆ. ಬ್ರೌಸರಿಗೊಂದರಂತೆ ಇರುವ ಯೂಸರ್ ಸ್ಯೂಡೋ ಐಡಿ ಜೊತೆ ಅಂಟಿಸಿ ಎಣಿಸಿ. ಟ್ರಾಫಿಕ್ ಸೋರ್ಸ್ ಕಾಲಮ್ ಬಳಕೆದಾರ ಮೊತ್ತಮೊದಲು ಬಂದ ದಾರಿ ಹೇಳುತ್ತೆ, ಇವತ್ತು ಬಂದದ್ದಲ್ಲ. ಸೆಷನ್‌ನ ದಾರಿ ಹೇಳುವ ಲಾಸ್ಟ್ ಕ್ಲಿಕ್ ಕಾಲಮ್ 2024ರ ಜುಲೈನಿಂದ ಇದೆ, ಅದನ್ನೇ ತಗೊಳ್ಳಿ.

ಸಾರಾಂಶ ತುಂಬುವ ಕ್ವೆರಿಯ ಶೆಡ್ಯೂಲ್ ಮೊದಲು ಬೆಳಗ್ಗೆ 6ಕ್ಕೆ ಇಟ್ಟಿದ್ದೆ. ಅಷ್ಟೊತ್ತಿಗೆ ನಿನ್ನೆಯ ಟೇಬಲ್ ಬಂದಿರಲ್ಲ. ಹಲವು ದಿನಗಳ ಟೇಬಲ್ ಒಟ್ಟಿಗೆ ಓದುವ ವೈಲ್ಡ್‌ಕಾರ್ಡ್ ಕ್ವೆರಿ ಎರರ್ ಕೊಡದೆ ಸೊನ್ನೆ ಸಾಲು ತುಂಬಿ ‘ಯಶಸ್ವಿ’ ಅನ್ನುತ್ತೆ. ಈಗ ಮಧ್ಯಾಹ್ನ 3ಕ್ಕೆ, ಅಂದರೆ ಯುಟಿಸಿ (ವಿಶ್ವ ಸಮಯ) 9:30ಕ್ಕೆ. ತಡವಾಗಿ ಬರುವ ಇವೆಂಟ್‌ಗಳಿಂದ ಟೇಬಲ್ ಮೂರು ದಿನದವರೆಗೂ ಬದಲಾಗುತ್ತಲೇ ಇರುತ್ತೆ. ಅದಕ್ಕೇ ಪ್ರತಿದಿನ ಹಿಂದಿನ ನಾಲ್ಕು ದಿನವನ್ನು ಅಳಿಸಿ ಮತ್ತೆ ತುಂಬುತ್ತೇನೆ. ಸ್ಟ್ರೀಮಿಂಗ್ (ಇವೆಂಟ್ ಬಂದ ಹಾಗೇ ಎಕ್ಸ್‌ಪೋರ್ಟ್) ಆನ್ ಇದ್ದಾಗ ಇನ್ನೊಂದು ಗುಂಡಿ: ಟೇಬಲ್ ಸಫಿಕ್ಸ್‌ಗೆ (ಹೆಸರಿನ ಕೊನೆಯ ದಿನಾಂಕದ ಭಾಗ) ‘ಇದಕ್ಕಿಂತ ದೊಡ್ಡದು’ ಅಂತಷ್ಟೇ ಬರೆದರೆ ಇವತ್ತಿನ ಇಂಟ್ರಾಡೇ ಟೇಬಲ್‌ಗಳೂ ಒಳಗೆ ಬರುತ್ತವೆ, ಯಾಕಂದರೆ ಅವುಗಳ ಸಫಿಕ್ಸ್ ಅಕ್ಷರದಿಂದ ಶುರು, ಹೋಲಿಕೆಯಲ್ಲಿ ಅಕ್ಷರ ಅಂಕಿಗಿಂತ ದೊಡ್ಡದು. ಇವತ್ತಿನ ಅರ್ಧ ದಿನ ಸೇರಿ ಗ್ರಾಫು ದಿನಾ ತಲೆ ಬಗ್ಗಿಸುತ್ತಿತ್ತು. ಬಿಟ್ವೀನ್ ಹಾಕಿ ಎರಡೂ ಕಡೆ ಬೇಲಿ ಕಟ್ಟಿದೆ. ಇವೆಂಟ್ ಟೈಮ್‌ಸ್ಟ್ಯಾಂಪ್ ಯುಟಿಸಿಯಲ್ಲಿರುತ್ತೆ ಅನ್ನೋದು ಗೊತ್ತಿರುವುದೇ, ಆದರೂ ಗಂಟೆವಾರು ಚಾರ್ಟಿನಲ್ಲಿ ಭಾರತದ ಸಮಯವಲಯವಾದ ಏಷ್ಯಾ/ಕೋಲ್ಕತ್ತಾ ಹಾಕಲು ಮರೆತು, ಓದುಗರು ಬೆಳಗಿನ ಜಾವ ಮೂರೂವರೆಗೆ ಎದ್ದು ಸುದ್ದಿ ಓದುವಂತೆ ಕಂಡಿತ್ತು.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಕನ್ನಡ ಯುಆರ್‌ಎಲ್. ಸೈಟಿನ ಸಿಎಂಎಸ್ (ಸುದ್ದಿ ಪ್ರಕಟಿಸುವ ತಂತ್ರಾಂಶ) ಇಡೀ ಶೀರ್ಷಿಕೆಯನ್ನೇ ವಿಳಾಸ ಮಾಡುತ್ತೆ. ವಿಳಾಸದಲ್ಲಿ ಕನ್ನಡ ಅಕ್ಷರ %E0%B2%95 ಥರದ ಸಂಕೇತವಾಗುತ್ತೆ: ‘ಕ’ ಅನ್ನೋ ಒಂದು ಅಕ್ಷರ ಪರ್ಸೆಂಟ್ ಚಿಹ್ನೆಗಳ ಸಮೇತ 9 ಕ್ಯಾರೆಕ್ಟರ್, ‘ಕೋ’ 18. ಬಿಗ್‌ಕ್ವೆರಿಯಲ್ಲಿ ನಾನು ಅದನ್ನು ಮತ್ತೆ ಕನ್ನಡಕ್ಕೆ ಡಿಕೋಡ್ ಮಾಡುವುದು ಜಾವಾಸ್ಕ್ರಿಪ್ಟ್ ಯುಡಿಎಫ್‌ನಿಂದ (ನಾವೇ ಬರೆಯುವ ಫಂಕ್ಷನ್). ಪುಟದ ವಿಳಾಸವಾದ ಪೇಜ್ ಲೊಕೇಶನ್‌ಗೆ 1,000 ಕ್ಯಾರೆಕ್ಟರ್ ಜಾಗ ಇದೆ, ತೊಂದರೆ ಕಡಿಮೆ. ಹಿಂದಿನ ಪುಟದ ವಿಳಾಸವಾದ ರೆಫರರ್‌ಗೆ 420 ಮಾತ್ರ, ಶೀರ್ಷಿಕೆ ಉದ್ದವಿದ್ದರೆ ಅಕ್ಷರದ ನಡುವೆಯೇ ತುಂಡಾಗುತ್ತೆ. ಅಂಥ ಒಂದು ಸಾಲು ಸಿಕ್ಕರೆ ಸಾಕು, ಡಿಕೋಡ್ ಎರರ್ ಎಸೆದು ಇಡೀ ಕ್ವೆರಿ ಸಾಯುತ್ತೆ. ಎರರ್ ಹಿಡಿಯುವ ಟ್ರೈ-ಕ್ಯಾಚ್ ಹಾಕಿ, ಕ್ಯಾಚ್‌ನಲ್ಲಿ ಬಾಲದಿಂದ ಒಂದೊಂದೇ ಕ್ಯಾರೆಕ್ಟರ್ ಕತ್ತರಿಸಿ ಮತ್ತೆ ಯತ್ನಿಸಿ, ಎಂಟರೊಳಗೆ ಸರಿಹೋಗುತ್ತೆ.

ಡಿಕೋಡ್ ಆದ ಮೇಲೂ ಒಂದೇ ಸುದ್ದಿ ಎರಡು ಸಾಲಾಗಿ ಬರುತ್ತಿತ್ತು, ಕಣ್ಣಿಗೆ ಅಕ್ಷರಶಃ ಒಂದೇ. ‘ೊ’ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಸೇರಿಸಿಯೂ ಬರೆಯಬಹುದು. ಬಿಗ್‌ಕ್ವೆರಿಯ ನಾರ್ಮಲೈಜ್ ಫಂಕ್ಷನ್ ಎನ್‌ಎಫ್‌ಸಿಗೆ (ಒಂದೇ ಸಂಕೇತದ ರೂಪಕ್ಕೆ) ತಂದರೆ ಇದು ಸರಿ. ಅಕ್ಷರ ಕೂಡಿಸುವ, ಬಿಡಿಸುವ ಕಾಣದ ಜಾಯಿನರ್, ನಾನ್-ಜಾಯಿನರ್‌ಗಳನ್ನು ಅದು ಮುಟ್ಟಲ್ಲ; ಅವನ್ನು ರೆಗೆಕ್ಸ್‌ನಿಂದ ತೆಗೆಯಬೇಕು. ಪರದೆಗೆ ಬರುವ ರೂಪದಲ್ಲೂ ತೆಗೆದರೆ ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗುತ್ತೆ. ಹಾಗಾಗಿ ತೆಗೆದ ರೂಪ ಬರೀ ಕೀ (ಒಂದೇ ಸುದ್ದಿ ಅಂತ ಗುರುತಿಸಲು), ತೋರಿಸುವುದು ಮೂಲ ರೂಪ. 

ನಡುವೆ ಲುಕರ್ ಸ್ಟುಡಿಯೋ ಬದಲಿಗೆ ಮೆಟಾಬೇಸ್ (ನಮ್ಮ ಸರ್ವರ್‌ನಲ್ಲೇ ಓಡಿಸಬಹುದಾದ ಡ್ಯಾಶ್‌ಬೋರ್ಡ್ ತಂತ್ರಾಂಶ) ಕೂಡ ಕಟ್ಟಿ ನೋಡಿದೆ, 1 ಜಿಬಿ ರ‍್ಯಾಮ್‌ನ ಸರ್ವರ್ ಮೇಲೆ. ಇದೇ ಸಾರಾಂಶ ಟೇಬಲ್‌ಗೆ ಚೆನ್ನಾಗಿಯೇ ಅಂಟಿತು, ಆದರೆ ಜಾವಾ ಮೆಮೊರಿ ಸಾಲದೆ ಎರಡು ದಿನಕ್ಕೊಮ್ಮೆ ಬೀಳುತ್ತಿತ್ತು. ದೊಡ್ಡ ಸರ್ವರ್‌ಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ವರ್ಷಗಟ್ಟಲೆ ಓಡುತ್ತೆ ಅಂತ ಕಿತ್ತುಹಾಕಿದೆ.

ನೇರ ಕನೆಕ್ಟರ್ ಪೂರ್ತಿ ಹೋಗಿಲ್ಲ. ‘ಇವತ್ತು’ ಅನ್ನೋ ಬೇರೆ ಪುಟದಲ್ಲಿ ಎರಡೇ ಎರಡು ಚಾರ್ಟ್ ಜಿಎ4ಗೆ ನೇರವಾಗಿ ಕಟ್ಟಿವೆ. ಸಂಪಾದಕರಿಗೆ ಹತ್ತು ಗಂಟೆಯ ಮೀಟಿಂಗ್‌ಗೆ ಒಂದು ಅಂದಾಜು ಸಿಕ್ಕರೆ ಸಾಕು, ಎರಡು ಚಾರ್ಟಿಗೆ ಕೋಟಾ ಯಾವತ್ತೂ ತುಂಬಿಲ್ಲ. ಸ್ಟ್ರೀಮಿಂಗ್ ಎಕ್ಸ್‌ಪೋರ್ಟನ್ನು ಆಫ್ ಮಾಡಿದ್ದೇನೆ.