ಡಾಕಿಂಗ್ ಸ್ಕೋರ್ ಒಂದೇ ಸಾಕಾಗುದಿಲ್ಲ: ಪಾರ್ಪ್ ತಡೆಯುವ ಅಣು ಮಾಡಿದ ನನ್ನ ಅನುಭವ

ನಾನು ಕುಂಬಳೆ ಕಡೆಯವಳು, ಪಿಎಚ್‌ಡಿ ಮಾಡಿದ್ದು ಪಾರ್ಪ್ ಅನ್ನುವ ಡಿಎನ್‌ಎ ರಿಪೇರಿ ಪ್ರೋಟೀನನ್ನು ತಡೆಯುವ ಸಣ್ಣ ಅಣುಗಳ ಮೇಲೆ. ನಮ್ಮ ಕಾಸರಗೋಡಿನ ಮಕ್ಕಳು ಎಂಎಸ್ಸಿ ಪ್ರಾಜೆಕ್ಟಿಗೆ ಇದೇ ವಿಷಯ ತಗೊಂಡು "ಅಕ್ಕಾ, ಡಾಕಿಂಗಲ್ಲಿ ಮೈನಸ್ 10 ಬಂತು" ಅಂತ ಫೋನ್ ಮಾಡ್ತಾರೆ, ಅವರಿಗೋಸ್ಕರ ಇದು. (ಡಾಕಿಂಗ್ ಅಂದ್ರೆ ಅಣು ಪ್ರೋಟೀನಲ್ಲಿ ಎಷ್ಟು ಚಂದ ಕೂರ್ತದೆ ಅಂತ ಕಂಪ್ಯೂಟರಲ್ಲಿ ಅಂದಾಜು ಮಾಡುದು, ಸ್ಕೋರ್ ಮೈನಸಲ್ಲಿ ಹೆಚ್ಚಾದಷ್ಟೂ ಒಳ್ಳೇದು ಅಂತ ಲೆಕ್ಕ.)

ಐಡಿಯಾ ಎಂತ ಅಂದ್ರೆ, ಕುಂಬಳೆಯಿಂದ ಕಾಸರಗೋಡಿಗೆ ಹೈವೇ ಬ್ಲಾಕ್ ಆದ್ರೆ ಸೀತಾಂಗೋಳಿ-ಮಧೂರು ದಾರಿಯಾಗಿ ಹೋಗ್ಲಿಕ್ಕಾಗ್ತದೆ, ಎರಡೂ ಬಂದಾದ್ರೆ ಆಯ್ತು ಕಥೆ. ಕೋಶದಲ್ಲೂ ಹಾಗೇ: ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟ ಕ್ಯಾನ್ಸರ್ ಕೋಶದಲ್ಲಿ ಒಂದು ರಿಪೇರಿ ದಾರಿ ಮೊದಲೇ ಹೋಗಿರ್ತದೆ, ಪಾರ್ಪ್1 ಅನ್ನೂ ತಡೆದ್ರೆ ಅದು ಸಾಯ್ತದೆ, ಪಕ್ಕದ ಆರೋಗ್ಯದ ಕೋಶ ಬದುಕ್ತದೆ. 2005ರಲ್ಲಿ ಇದನ್ನು ತೋರಿಸಿದ್ದು, 2014ರಲ್ಲಿ ಪಾರ್ಪ್ ತಡೆಯುವ ಮದ್ದು ಒಲಾಪರಿಬ್‌ಗೆ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು.

ನಾನು ಹಿಡಿದದ್ದು ಕ್ವಿನಜೋಲಿನೋನ್, ಎರಡು ರಿಂಗ್ ಅಂಟಿಕೊಂಡಿರುವ ಚಪ್ಪಟೆ ಅಣು. ಪಾರ್ಪ್1 ಕೆಲಸ ಮಾಡ್ಲಿಕ್ಕೆ ಎನ್‌ಎಡಿ ಅನ್ನುವ ಕೋಶದೊಳಗಿನ ಸಣ್ಣ ಅಣು ಬೇಕು, ಅದರ ನಿಕೋಟಿನಮೈಡ್ ತುದಿ ಕೂರುವ ಗುಂಡಿಯಲ್ಲೇ ನಮ್ಮ ಅಣು ಕೂರಬೇಕು. ಅಲ್ಲಿ ಪ್ರೋಟೀನಿನ ಎರಡು ಅಮೈನೋ ಆಮ್ಲ, ಗ್ಲೈಸಿನ್ 863, ಸೆರಿನ್ 904, ಹೈಡ್ರೋಜನ್ ಬಾಂಡಿಂದ ಹಿಡಿದುಕೊಳ್ತವೆ. ಕ್ವಿನಜೋಲಿನೋನಲ್ಲಿ ಆ ಬಾಂಡ್ ಮಾಡುವ ಅಮೈಡ್ ಗುಂಪು ರಿಂಗಿನೊಳಗೇ ಇರುದ್ರಿಂದ ಅತ್ತಿತ್ತ ತಿರುಗುದಿಲ್ಲ, ಅದೇ ಅದರ ಲಾಭ. ಆದ್ರೆ ಮೂರನೇ ಜಾಗದ ನೈಟ್ರೋಜನಲ್ಲಿರುವ ಹೈಡ್ರೋಜನ್ ತೆಗೆದು ಮಿಥೈಲ್ ಹಾಕಿದ್ರೆ ಗ್ಲೈಸಿನ್ನಿನ ಹಿಡಿತ ಹೋಯ್ತು, ಸಾಫ್ಟ್‌ವೇರ್ ಮಾತ್ರ ಅಂಥ ಅಣುವಿಗೂ ಒಳ್ಳೆ ಸ್ಕೋರ್ ಕೊಡಬಹುದು, ಅಣು ದೊಡ್ಡದಾದಷ್ಟೂ ಸ್ಕೋರ್ ಚಂದ ಕಾಣುದೇ ಜಾಸ್ತಿ. ಹಾಗಾಗಿ ನಾನು ಮೊದಲು ನೋಡುದು ಆ ಎರಡು ಬಾಂಡ್ ಉಂಟಾ ಇಲ್ವಾ ಅಂತ.

ನಿಜವಾದ ತಲೆಬಿಸಿ ಶುರುವಾಗುದು ಲ್ಯಾಬಲ್ಲಿ. ಪಾರ್ಪ್1 ಚುರುಕಾಗ್ಲಿಕ್ಕೆ ತುಂಡಾದ ಡಿಎನ್‌ಎ ಬೇಕು, ಅದನ್ನು ಟ್ಯೂಬಿಗೆ ನಾವೇ ಹಾಕ್ತೇವೆ. ಈಗ ನಮ್ಮ ಚಪ್ಪಟೆ ಅಣು ಪ್ರೋಟೀನನ್ನು ಮುಟ್ಟದೆ ಆ ಡಿಎನ್‌ಎಯ ನಡುವೆ ನುಗ್ಗಿ ಕೂತ್ರೂ ಪಾರ್ಪ್1 ಕೆಲಸದ ರೀಡಿಂಗ್ ಇಳೀತದೆ, ಇನ್‌ಹಿಬಿಟರ್ (ತಡೆಯುವ ಅಣು) ಸಿಕ್ಕಿತು ಅಂತಲೇ ಅನಿಸ್ತದೆ! ಹಾಗಾಗಿ ಡಿಎನ್‌ಎ ಜಾಸ್ತಿ ಹಾಕಿ ಇನ್ನೊಮ್ಮೆ ನೋಡ್ಬೇಕು, ತಡೆ ಸಡಿಲ ಆದ್ರೆ ಅದು ಡಿಎನ್‌ಎಗೆ ಅಂಟುವ ಅಣು, ಬಿಟ್ಟುಬಿಡಿ. ಎನ್‌ಎಡಿ ಜಾಸ್ತಿ ಮಾಡಿದಾಗ ಸಡಿಲ ಆದ್ರೆ ಸರಿಯಾದ ಗುಂಡಿಯಲ್ಲಿ ಕೂತಿದೆ ಅಂತ ಧೈರ್ಯ ಬರ್ತದೆ. ಬಫರಿಗೆ 0.01 ಶೇಕಡಾ ಟ್ರೈಟನ್ (ಸೋಪಿನಂಥದ್ದು) ಹಾಕ್ಲಿಕ್ಕೆ ಮರೀಬೇಡಿ, ಇಲ್ಲದಿದ್ರೆ ಕೆಲವು ಅಣುಗಳು ಮುದ್ದೆಗಟ್ಟಿ ಪ್ರೋಟೀನನ್ನು ಸುಮ್ಮನೆ ಮೆತ್ತಿಸಿಕೊಳ್ತವೆ.

ಕೋಶದಲ್ಲಿ ನೋಡುವಾಗ ಡಿಎಲ್‌ಡಿ-1 ಅನ್ನುವ ಕರುಳಿನ ಕ್ಯಾನ್ಸರ್ ಕೋಶ, ಅದರದ್ದೇ ಬಿಆರ್‌ಸಿಎ2 ತೆಗೆದ ಜೋಡಿ, ಎರಡನ್ನೂ ಒಟ್ಟಿಗೇ ಇಡಿ. ಒಂದೇ ಡೋಸಿಗೆ ಎರಡೂ ಸತ್ರೆ ಅದು ಬರೀ ವಿಷ. 72 ಗಂಟೆಯ ಎಂಟಿಟಿ (ಬದುಕಿದ ಕೋಶ ಎಷ್ಟು ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ) ನೋಡಿ ತೀರ್ಮಾನ ಬೇಡ, ಇವು ಕೋಶ ಡಿಎನ್‌ಎ ನಕಲು ಮಾಡುವಾಗ ಕೊಲ್ಲುವಂಥವು, ಟೈಮ್ ಬೇಕು. 10-14 ದಿನ ಕಾಲೊನಿ ಬೆಳೆಸಿ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ. ಒಂದು ಪ್ಲೇಟಲ್ಲಿ ನೇರಳೆ ಚುಕ್ಕೆ ತುಂಬಿದೆ, ಬಿಆರ್‌ಸಿಎ2 ಇಲ್ಲದ್ದು ಖಾಲಿ, ಅದನ್ನು ಕಣ್ಣಾರೆ ನೋಡಿದಾಗ ಆದ ಖುಷಿ ಯಾವ ಸ್ಕೋರಿಂದಲೂ ಆಗ್ಲಿಲ್ಲ.

ಈಗ ನನ್ನ ಮನಸ್ಸೆಲ್ಲ ಅದರ ತಮ್ಮನಂಥ ಪ್ರೋಟೀನ್ ಪಾರ್ಪ್2 ಬಿಟ್ಟು ಪಾರ್ಪ್1 ಮಾತ್ರ ಹಿಡಿಯುವ ಅಣುವಿನ ಮೇಲೆ. ಪಾರ್ಪ್2 ರಕ್ತಕಣ ಹುಟ್ಲಿಕ್ಕೆ ಬೇಕು, ಎರಡನ್ನೂ ತಡೆಯುವ ಮದ್ದು ತಗೊಂಡವರಲ್ಲಿ ತುಂಬ ಜನಕ್ಕೆ ರಕ್ತ ಕಡಿಮೆಯಾಗಿ ಸುಸ್ತಾಗ್ತದೆ, ಮಂಗಳೂರಿಗೋ ತಲಶ್ಶೇರಿಗೋ ಚಿಕಿತ್ಸೆಗೆ ಹೋಗಿ ಬರುವ ನಮ್ಮ ಊರಿನವರಿಗೆ ಆ ಸುಸ್ತು ಸಣ್ಣ ವಿಷಯ ಅಲ್ಲ. ನಿಕೋಟಿನಮೈಡ್ ಗುಂಡಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಇರುದು ಅದರ ಹೊರಗಿನ ಭಾಗದಲ್ಲಿ, ಹಾಗಾಗಿ ಕ್ವಿನಜೋಲಿನೋನಿನ ಎರಡನೇ ಜಾಗದಿಂದ ಒಂದು ಬಾಲ ಉದ್ದ ಮಾಡಿ ಅಲ್ಲಿಗೆ ಮುಟ್ಟಿಸ್ಲಿಕ್ಕೆ ನೋಡ್ತಿದ್ದೇನೆ.